ಸೆರೆಮನೆಯ ಬಾಗಿಲಿಗೊಯ್ಯುವ ಓದು

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಧರ್ಮಕೇಂದ್ರದ ಗುರುನಿವಾಸಕ್ಕೆ ಬರುವವರ ಸಂಖ್ಯೆ ತುಸು ಹೆಚ್ಚುತ್ತದೆ. ಗುಣನಡತೆಯ ಪತ್ರ, ಶಿಫಾರಸು, ಶುಲ್ಕಕ್ಕೆ ನೆರವು ಕೇಳಿ ಬರುವವರೇ ಬಹಳ. ಈಚೆಗೆ ಬಂದ ಕುಟುಂಬವೊಂದರ ಸಂಕಟ ಬೇರೆಯೇ ಆಗಿತ್ತು. ಸಮಾಜಶಾಸ್ತ್ರದಲ್ಲಿ ಪದವಿ ಪಡೆದ ಮಗಳು ಅಪರಾಧಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವೆನೆಂದು ಹಟ ಹಿಡಿದಿದ್ದಾಳೆ. "ಫಾದರ್, ಕಳ್ಳಕಾಕರ ನಡುವೆ ಓಡಾಡುವ ಓದು ನಮ್ಮ ಮನೆಯ ಹೆಣ್ಣುಮಗಳಿಗೆ ಏಕೆ? ನೀವಾದರೂ ಬುದ್ಧಿ ಹೇಳಿ" ಎಂದರು ತಂದೆ. ತಾಯಿಗೆ ನಾಳೆ ಕೇಳಿಬರಬೇಕಾದ ಸಂಬಂಧಗಳ ಚಿಂತೆ. ಬಿ.ಎಡ್. ಓದಿಸಿ ಯಾವುದಾದರೂ ಶಾಲೆಗೆ ಸೇರಿಸುವ ಎಣಿಕೆ ಅವರದು. ಮಗಳು ಮಾತನಾಡಲಿಲ್ಲ. ವಾರದೊಳಗೆ ಹೇಳುತ್ತೇನೆಂದು ಅವರನ್ನು ಕಳುಹಿಸಿಕೊಟ್ಟೆ. ನಿಜ ಹೇಳಬೇಕೆಂದರೆ ಅದು ನುಣುಚಿಕೊಳ್ಳುವ ಉತ್ತರ. ಆ ವಿದ್ಯೆಯ ವಿಷಯದಲ್ಲಿ ನನಗೇ ಖಚಿತವಾದ ಅಭಿಪ್ರಾಯವಿರಲಿಲ್ಲ.

ಅಪರಾಧಶಾಸ್ತ್ರವೆಂದೊಡನೆ ನಮಗೆ ಪತ್ತೇದಾರಿ ಕಾದಂಬರಿಗಳ ನೆನಪಾಗುತ್ತದೆ. ಆದರೆ ಈ ಶಾಸ್ತ್ರವು ಕೇಳುವ ಪ್ರಶ್ನೆಗಳು ಗಂಭೀರವಾದವು. ಮನುಷ್ಯನು ಅಪರಾಧಕ್ಕೆ ಏಕೆ ಇಳಿಯುತ್ತಾನೆ? ಪೊಲೀಸು, ನ್ಯಾಯಾಲಯ, ಕಾರಾಗೃಹಗಳು ವಾಸ್ತವದಲ್ಲಿ ಹೇಗೆ ನಡೆಯುತ್ತವೆ? ಹಾನಿಗೊಳಗಾದವರ ಗತಿ ಏನು? ಶಿಕ್ಷೆ ಮುಗಿಸಿ ಹೊರಬಂದವನನ್ನು ಊರು ಹೇಗೆ ಬರಮಾಡಿಕೊಳ್ಳುತ್ತದೆ? ಇದನ್ನು ಕಲಿಸುವ ವಿಭಾಗಗಳು ನಮಗೆ ದೂರವೇನಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿದೆ, ಮಂಗಳೂರಿನ ರೋಶನಿ ನಿಲಯದಲ್ಲಿದೆ. ಮದ್ರಾಸು ವಿಶ್ವವಿದ್ಯಾನಿಲಯದಲ್ಲಿ, ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿಯೂ ಇದೆ.

ಗುರುವಿದ್ಯಾಮಂದಿರದಲ್ಲಿ ತತ್ತ್ವಶಾಸ್ತ್ರ ಓದುವಾಗ ಪಾಪಕ್ಕೂ ಅಪರಾಧಕ್ಕೂ ಇರುವ ಭೇದವನ್ನು ಕುರಿತು ಗಂಟೆಗಟ್ಟಲೆ ವಾದಿಸಿದ್ದೇವೆ. ಆದರೆ ಚೆಸಾರೆ ಬೆಕ್ಕಾರಿಯಾನ ಹೆಸರನ್ನು ನಾನು ಕೇಳಿದ್ದು ಬಹಳ ತಡವಾಗಿ. ಇಟಲಿಯ ಈ ತರುಣ 1764ರಲ್ಲಿ ಅಪರಾಧ ಮತ್ತು ಶಿಕ್ಷೆಗಳನ್ನು ಕುರಿತು ಒಂದು ಸಣ್ಣ ಗ್ರಂಥವನ್ನು ಬರೆದ. ಚಿತ್ರಹಿಂಸೆಯಿಂದ ಸತ್ಯ ಹೊರಬರುವುದಿಲ್ಲವೆಂದೂ, ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆಯೇ ಅಪರಾಧವನ್ನು ತಡೆಯುವುದೆಂದೂ ವಾದಿಸಿದ. ಮರಣದಂಡನೆಯನ್ನು ವಿರೋಧಿಸಿದ. ಜೆಸ್ವಿತ್ ಗುರುಗಳ ಶಾಲೆಯಲ್ಲಿಯೇ ಓದಿದವನ ಆ ಪುಸ್ತಕವನ್ನು 1766ರಲ್ಲಿ ನಮ್ಮ ಧರ್ಮಸಭೆಯು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು. 2018ರಲ್ಲಿ ಪೋಪ್ ಫ್ರಾನ್ಸಿಸರು ಧರ್ಮೋಪದೇಶ ಗ್ರಂಥವನ್ನು ತಿದ್ದಿಸಿ, ಮರಣದಂಡನೆಯು ಒಪ್ಪತಕ್ಕದ್ದಲ್ಲವೆಂದು ಸಾರಿದರು. ನಡುವೆ ಎರಡೂವರೆ ಶತಮಾನಗಳು ಸಂದಿದ್ದವು! ಧರ್ಮಸಭೆಗೇ ಕಲಿಯಲು ಇಷ್ಟು ಕಾಲ ಹಿಡಿದ ಪಾಠವನ್ನು ನಮ್ಮ ಮಕ್ಕಳು ಎರಡು ವರ್ಷ ಕುಳಿತು ಓದುವೆವೆಂದರೆ ಬೇಡವೆನ್ನಲು ನಾವಾರು?

ನಮ್ಮ ದೇಶದ ಸ್ಥಿತಿಯನ್ನಾದರೂ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪ್ರಕಾರ 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ಅಪರಾಧ ಇನ್ನೂ ಸಿದ್ಧವಾಗದವರು. 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ತಮ್ಮ ಮೇಲಿನ ಆರೋಪಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ಬಿಹಾರದ ಸೆರೆಮನೆಗಳಲ್ಲಿ ಕೊಳೆತವರ ಕಥೆ ಹೊರಬಂದಾಗ, ಶೀಘ್ರ ವಿಚಾರಣೆಯು ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಿಂದೆ ಯಾವ ಅಪರಾಧಕ್ಕೂ ದೋಷಿಯೆಂದು ತೀರ್ಮಾನವಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡುಗಡೆ ಹೊಂದಬಹುದು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೂ ಹಲವು ಮೊಕದ್ದಮೆಗಳಿರುವವರಿಗೂ ಇದು ಅನ್ವಯಿಸದು.

ಕಾನೂನು ಉಂಟು, ಅದನ್ನು ಕೈದಿಯವರೆಗೆ ಕೊಂಡೊಯ್ಯುವ ಮನುಷ್ಯ ಬೇಕು. ಜಾಮೀನು ಮಂಜೂರಾದರೂ ಪಹಣಿ ಪತ್ರ ಹಿಡಿದು ಬಂದು ಜಾಮೀನು ನಿಲ್ಲುವವರಿಲ್ಲದೆ ಒಳಗೇ ಉಳಿಯುವ ಬಡವರಿದ್ದಾರೆ. ಇಂಥವರನ್ನು ಕುರಿತೇ 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶನಗಳನ್ನು ನೀಡಿತು: ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಸೆರೆಮನೆಯ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಆ ಕೈದಿಯ ಆರ್ಥಿಕ, ಸಾಮಾಜಿಕ ಪರಿಸ್ಥಿತಿಯ ವರದಿಯನ್ನು ಪರಿವೀಕ್ಷಣಾಧಿಕಾರಿಗಳ ಅಥವಾ ಅರೆಕಾನೂನು ಸ್ವಯಂಸೇವಕರ ನೆರವಿನಿಂದ ತಯಾರಿಸಬಹುದು. ಮನೆ ಹುಡುಕಿ ಹೋಗಿ, ನೆರೆಯವರನ್ನು ವಿಚಾರಿಸಿ, ನಂಬಲರ್ಹವಾದ ನಾಲ್ಕು ಪುಟ ಬರೆಯುವುದು ಸುಲಭದ ಕೆಲಸವಲ್ಲ. ಅಪರಾಧಶಾಸ್ತ್ರ ಓದಿದವರು ಕಲಿತುಬರುವ ವಿದ್ಯೆ ಇದೇ. ಟಾಟಾ ಸಂಸ್ಥೆಯ ಅಪರಾಧಶಾಸ್ತ್ರ ವಿಭಾಗವು 1990ರಲ್ಲಿ ಆರಂಭಿಸಿದ 'ಪ್ರಯಾಸ್' ಯೋಜನೆಯು ಮುಂಬಯಿಯ ಸೆರೆಮನೆಗಳಲ್ಲಿ ಇಂಥ ಕಾರ್ಯವನ್ನು ಕೈಗೊಂಡಿತು.

ಕ್ರಿಸ್ತಜಯಂತಿಯ ಹೊತ್ತಿಗೆ ನಾವೂ ಸೆರೆಮನೆಗೆ ಹೋಗುತ್ತೇವೆ. ಕೇಕು ಹಂಚಿ, ಎರಡು ಗೀತೆ ಹಾಡಿ, ಊಟದ ಹೊತ್ತಿಗೆ ಮನೆ ಸೇರುತ್ತೇವೆ. ನಾನೂ ಅದೆಷ್ಟೋ ವರ್ಷ ಹಾಗೆಯೇ ಮಾಡಿದ್ದೇನೆ. ಕಳೆದ ವರ್ಷ ಕಂಡ ಮುಖವೇ ಈ ವರ್ಷವೂ ಸಾಲಿನಲ್ಲಿ ನಿಂತಿದ್ದರೆ, ಇವನಿನ್ನೂ ಏಕೆ ಇಲ್ಲಿದ್ದಾನೆಂದು ಕೇಳಲು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ.

ಹಾಗೆಂದು ಪೋಷಕರಿಂದ ಕಠಿಣ ಸಂಗತಿಗಳನ್ನು ಮುಚ್ಚಿಡಲಾಗದು. ಈ ಪದವಿ ಪಡೆದವರಿಗೆ ಉದ್ಯೋಗ ಕಾದು ಕುಳಿತಿಲ್ಲ. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಲು ಯಾವುದೇ ಪದವಿ ಸಾಕು. ಅದಕ್ಕಾಗಿ ಇದನ್ನು ಓದಬೇಕಾಗಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ ಕನಸು ಕಾಣುವವರು ಪದವಿಯಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರಗಳಂಥ ವಿಜ್ಞಾನ ವಿಷಯಗಳನ್ನು ಓದಿರಬೇಕಾಗುತ್ತದೆ. ಸಮಾಜಶಾಸ್ತ್ರದ ಈ ಹುಡುಗಿಗೆ ಆ ದಾರಿಯಿಲ್ಲ. ಪರಿವೀಕ್ಷಣಾಧಿಕಾರಿ, ಕಾರಾಗೃಹದ ಕಲ್ಯಾಣಾಧಿಕಾರಿ, ಮಕ್ಕಳ ರಕ್ಷಣೆಯ ಹುದ್ದೆಗಳು, ಸ್ವಯಂಸೇವಾ ಸಂಸ್ಥೆಗಳು, ಅಧ್ಯಾಪನ, ಇವೇ ಅವಳ ಮುಂದಿರುವ ದಾರಿಗಳು. ಹುದ್ದೆಗಳು ಕೆಲವೇ, ನೇಮಕಾತಿ ನಿಧಾನ. ಆದುದರಿಂದ ಕಾಲೇಜನ್ನು ಆರಿಸುವಾಗ ಕಟ್ಟಡವನ್ನು ನೋಡದೆ, ವಿದ್ಯಾರ್ಥಿಗಳನ್ನು ವಾರಕ್ಕೆ ಎಷ್ಟು ದಿನ ಕ್ಷೇತ್ರಕಾರ್ಯಕ್ಕೆ ಕಳುಹಿಸುತ್ತಾರೆ, ಸೆರೆಮನೆ, ಬಾಲನ್ಯಾಯ ಮಂಡಳಿಗಳ ಒಳಗೆ ಪ್ರವೇಶ ದೊರಕಿಸುತ್ತಾರೆಯೇ ಎಂದು ಕೇಳಬೇಕು. ಹಿಂದಿನ ವರ್ಷಗಳಲ್ಲಿ ಓದಿದವರು ಈಗ ಎಲ್ಲಿದ್ದಾರೆಂಬುದನ್ನೂ ಸಂಕೋಚವಿಲ್ಲದೆ ಕೇಳಬೇಕು.

ವಾರ ಕಳೆದು ಆ ಕುಟುಂಬ ಮತ್ತೆ ಬಂದಾಗ ಇಷ್ಟನ್ನೂ ಹೇಳಿದೆ. ತಾಯಿಯ ಚಿಂತೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಂದೆ ಬಹಳ ಹೊತ್ತು ಸುಮ್ಮನಿದ್ದು, "ನಾಳೆ ಇವಳು ಸೆರೆಮನೆಯೊಳಗೆ ಹೋಗುವಾಗ ಜೊತೆಗೆ ಯಾರಿರುತ್ತಾರೆ ಫಾದರ್?" ಎಂದು ಕೇಳಿದರು. ಆಗ ಮಗಳು ಮೊದಲ ಬಾರಿಗೆ ಬಾಯಿ ತೆರೆದಳು: "ಅಪ್ಪಾ, ಬಾಗಿಲಿನವರೆಗೆ ನೀವೇ ಬನ್ನಿ."