ಹಳೆ ಬ್ಯಾಟರಿ: ಕಂಪೆನಿಯ ಹೊಣೆ ಹಳ್ಳಿಗೂ ಬರಲಿ

ಟ್ರ್ಯಾಕ್ಟರಿನ ಬ್ಯಾಟರಿ ಕೆಟ್ಟರೆ ಏನು ಮಾಡುತ್ತೀರಿ? ಗುಜರಿಯವನಿಗೆ ಕೊಟ್ಟು, ಸಿಕ್ಕಷ್ಟು ಹಣ ಎಣಿಸಿಕೊಳ್ಳುತ್ತೀರಿ. ನನ್ನ ಹೋಬಳಿಯ ಒಂದು ಊರಿನಲ್ಲಿ ಗುಜರಿಯವನು ಬಾವಿಯ ಬದಿಯಲ್ಲೇ ಬ್ಯಾಟರಿ ಒಡೆದು, ಆಸಿಡ್ ಚೆಲ್ಲಿ, ಸೀಸವನ್ನಷ್ಟೇ ಒಯ್ದ. ಅಲ್ಲಿನ ಹುಲ್ಲೆಲ್ಲ ಸುಟ್ಟುಹೋಯಿತು.

ಹುಲ್ಲು ಮತ್ತೆ ಚಿಗುರೀತು. ಆದರೆ ಮಣ್ಣಿಗೆ ಬಿದ್ದ ಸೀಸದ ಪುಡಿ ಕೊಳೆಯುವುದಿಲ್ಲ, ಮೇಲ್ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಮಣ್ಣಾಡುವ ಮಕ್ಕಳ ಹೊಟ್ಟೆ ಸೇರಿದರೆ ಮೆದುಳಿನ ಬೆಳವಣಿಗೆಯೇ ಕುಂದುತ್ತದೆ.

ಕಾನೂನು ಇಲ್ಲವೆಂದಲ್ಲ. 2001ರ ನಿಯಮಗಳ ಬದಲಿಗೆ ಕೇಂದ್ರ ಸರ್ಕಾರ 2022ರ ಆಗಸ್ಟಿನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ತಂದಿತು. ಅದರಂತೆ ಬ್ಯಾಟರಿ ತಯಾರಿಸುವ, ಆಮದು ಮಾಡುವ ಕಂಪೆನಿಗಳೇ ಹಳೆಯದನ್ನು ಸಂಗ್ರಹಿಸಿ ಮರುಸಂಸ್ಕರಣೆಗೆ ಒಪ್ಪಿಸತಕ್ಕದ್ದು. ಹೂಳುವಂತಿಲ್ಲ, ಸುಡುವಂತಿಲ್ಲ. ಔಷಧಿ ಸಿಂಪಡಿಸುವ ಪಂಪು, ಸೋಲಾರ್ ಬೇಲಿ, ಟಾರ್ಚುಗಳ ಬ್ಯಾಟರಿಗೂ ಇದು ಅನ್ವಯ. ಬೇರೆ ಕಸದೊಡನೆ ಬೆರೆಸದಿರುವುದು ಬಳಸುವವರ ಕರ್ತವ್ಯ.

ನಿಯಮ ಒಳ್ಳೆಯದೇ. ಆದರೆ ಸಂಗ್ರಹಣೆ ಪೇಟೆಯಲ್ಲೇ ನಿಂತರೆ ಹಳ್ಳಿಗೇನು ಪ್ರಯೋಜನ? ಒಂದು ಬ್ಯಾಟರಿಗಾಗಿ ಬಸ್ಸು ಹತ್ತುವವರು ಯಾರು? ಮನೆ ಬಾಗಿಲಿಗೆ ಬರುವ ಗುಜರಿಯವನದೇ ಮೇಲುಗೈ. ಆದ್ದರಿಂದ ಕಂಪೆನಿಗಳು ನಮ್ಮ ಸಹಕಾರ ಸಂಘಗಳ ಮೂಲಕ ನ್ಯಾಯವಾದ ಬೆಲೆ ಕೊಟ್ಟು ಹಳೆ ಬ್ಯಾಟರಿ ಕೊಳ್ಳಬೇಕು. ಅದು ಉಪಕಾರವಲ್ಲ, ಅವರ ಹೊಣೆ.

ಗ್ರಾಮಸಭೆಯಲ್ಲಿ ಈ ಮಾತೆತ್ತಿರಿ. ಅಲ್ಲಿಯವರೆಗೆ, ಹೊಸ ಬ್ಯಾಟರಿ ತರಲು ಹೋಗುವಾಗಲೇ ಹಳೆಯದನ್ನು ಒಡೆಯದೆ, ನೆಟ್ಟಗಿಟ್ಟು ಕೊಂಡೊಯ್ಯಿರಿ. ಅಂಗಡಿಯವರಿಗೆ ಕೊಟ್ಟು, ಅದರ ಬೆಲೆ ಮುರಿದುಕೊಳ್ಳುವಂತೆ ಕೇಳಿ, ರಸೀದಿ ಪಡೆಯಿರಿ. ನಾಲ್ಕು ಕಾಸು ಕಡಿಮೆ ಸಿಕ್ಕರೂ ಸರಿ, ಬಾವಿಯ ನೀರು ಉಳಿಯಲಿ.