ದಡ್ಡಿ ಅಂತ ಹೆಸರಿಟ್ಟವರು ನಾವು

"ಈ ವಯಸ್ಸಿನ್ಯಾಗ ಆಕಿಗೆ ಪರೀಕ್ಷಾ ಯಾಕ ಬೇಕಾಗಿತ್ತು? ಏನ್ ನೌಕರಿಗೆ ಹೋಗೋಕಿ ಇದ್ದಾಳೇನು?" ಹೋದ ವಾರ ಕುಬಸದ ಮನ್ಯಾಗ ವೈನಿ ಎಲ್ಲಾರ ಮುಂದ ಹಿಂಗ ಕೇಳಿದ್ರು. ಶುಭಕಾರ್ಯದಾಗ ಜಗಳ ಬ್ಯಾಡ ಅಂತ ಸುಮ್ಮನಿದ್ದೆ. ಈಗ ಹೇಳ್ತೀನಿ, ಕೇಳ್ರಿ.

ಮಾತು ನನ್ನ ತಂಗಿದು. ಆಕಿನ್ನ ಕೇಳೇ ಬರಿಲಿಕತ್ತೇನಿ. ಸಣ್ಣಾಕಿದ್ದಾಗ ಒತ್ತಕ್ಷರ ಬಂದಲ್ಲೆ ನಿಂತುಬಿಡತಿದ್ಲು. ನಿನ್ನೆ ಓದಿದ ಶಬ್ದ ಇವತ್ತ ಮತ್ತ ಹೊಸಾದು. ಪಾಠ ಹೇಳಿಕೊಡೋಕಿ ನಾನ. ತೊಡಿ ಚೂಟೇನಿ, ಪಾಟಿ ಕಸಗೊಂಡು ಒಗದೇನಿ. ಏಳನೇತ್ತಾಗ ಫೇಲಾದ್ಲು, ಸಾಲಿ ಬಿಡಿಸಿದ್ರು. ಸಾಲಿ ಬಿಡ್ತು, "ದಡ್ಡಿ" ಅನ್ನೋ ಹೆಸರು ಬಿಡಲಿಲ್ಲ. ಇಪ್ಪತ್ತು ಮಂದಿ ಭಿಶಿ ಲೆಕ್ಕ ಬಾಯಾಗ ಹೇಳೋ ಹೆಂಗಸು, ಲಗ್ನಪತ್ರಿಕಾ ಕೈಗೆ ಕೊಟ್ರ "ಚಾಳೀಸ ಮರತು ಬಂದೇನಿ" ಅಂತಿದ್ಲು.

ಈ ವರ್ಷ ಆಕಿ ಮೊಮ್ಮಗಗ ಡಿಸ್ಲೆಕ್ಸಿಯಾ ಅದ ಅಂತ ಗೊತ್ತಾತು. "ಇದು ಮನೆತನದಾಗ ಹರಿದು ಬರೋದುಂಟು, ಮತ್ತ ಯಾರಿಗರೆ ಅದ ಏನು?" ಅಂತ ಡಾಕ್ಟರ್ ಕೇಳಿದ್ರು. ನನ್ನ ತಂಗಿ ಎದ್ದು ನಿಂತು "ನನ್ನನ್ನೂ ನೋಡ್ರಿ" ಅಂದ್ಲು.

ಮೊದಲ ಕಣ್ಣು, ಕಿವಿ ನೋಡಿದ್ರು. ಆಮ್ಯಾಲೆ ಓದಿಸಿದ್ರು, ಉಕ್ತಲೇಖನ ಬರಸಿದ್ರು. ಅರ್ಥಾನ ಇಲ್ಲದ, ಹುಟ್ಟಿಸಿದ ಶಬ್ದಗಳನ್ನೂ ಓದಿಸಿದ್ರು. ಗೊತ್ತಿದ್ದ ಶಬ್ದ ನೆನಪಿನ ಮ್ಯಾಲೆ ಹೇಳಬಹುದು, ಗೊತ್ತಿಲ್ಲದ್ದನ್ನ ಅಕ್ಷರ ಕೂಡಿಸೇ ಓದಬೇಕಲ್ಲ. ಬುದ್ಧಿಗೆ ಬ್ಯಾರೆ ಪರೀಕ್ಷಾ. ಬುದ್ಧಿ ಚಲೋನ ಅದ. ಅಕ್ಷರಕ್ಕೂ ಧ್ವನಿಗೂ ಗಂಟು ಹಾಕೋ ಕೆಲಸ ಮಾತ್ರ ಆಕಿಗೆ ಕಷ್ಟ. ಅದು ಸೋಮಾರಿತನ ಅಲ್ಲ, ಸರಸ್ವತಿ ಮುನಿಸೂ ಅಲ್ಲ.

2007ರಾಗ 'ತಾರೇ ಜಮೀನ್ ಪರ್' ನೋಡಿ ನಾವೆಲ್ಲಾ ಸೆರಗಿಲೆ ಕಣ್ಣು ಒರಸಿಕೊಂಡ್ವಿ. ತಂಗಿ ನನ್ನ ಬಾಜೂಕ ಕೂತಿದ್ಲು. ಆ ಹುಡುಗ ದೊಡ್ಡಾವಾದ ಮ್ಯಾಲೆ ಡಿಸ್ಲೆಕ್ಸಿಯಾ ಎಲ್ಲೆ ಹೋಗ್ತದ ಅಂತ ನಮಗ ಯಾರಿಗೂ ಹೊಳೀಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆದಾಗೂ ಇದು ಸೇರೇದ. ಮಕ್ಕಳಿಗೆ ಮಾತ್ರ ಅಂತ ಅಲ್ಲೆ ಬರದಿಲ್ಲ.

ಪರೀಕ್ಷಾ ಮಾಡಿಸಿದ ಮಾತ್ರಕ್ಕ ಓದಲಿಕ್ಕೆ ಬರ್ತದೇನು? ಇಲ್ಲ. ಇದಕ್ಕ ಗುಳಿಗಿ ಇಲ್ಲ. ದೊಡ್ಡವರನ್ನ ಪರೀಕ್ಷಾ ಮಾಡೋರನ್ನ ಹುಡುಕೋದೂ ಸುಲಭ ಆಗಲಿಲ್ಲ, ಯಾಕಂದ್ರ ಭಾಳ ಪರೀಕ್ಷಾ ಮಕ್ಕಳಿಗಂತನ ಮಾಡಿದ್ದು. ಆದ್ರ ಈಗ ಮೆಸೇಜ್ ಬಂದ್ರ ಮೊಬೈಲಿಗೇ ಓದಲಿಕ್ಕೆ ಹಚ್ಚತಾಳ. ಅತ್ತಿಯವರ ಮುಂಜಾನೆ ಗುಳಿಗಿ ಡಬ್ಬಿಗೆ ಕೆಂಪು ಚೀಟಿ, ರಾತ್ರಿದಕ್ಕ ಹಸಿರು. ಮೊಮ್ಮಗನ ಜೋಡಿ ಕೂತು ಅಕ್ಷರ ಬಿಡಿಸಿ ಬಿಡಿಸಿ ಓದ್ತಾಳ. ಆ ಹುಡುಗನ ತೊಡಿ ಯಾರೂ ಚೂಟೋದಿಲ್ಲ.

ವೈನಿ, ನೌಕರಿಗೆ ಅಲ್ಲರಿ. ನಲವತ್ತು ವರ್ಷ ಹೊತ್ತ ಹೆಸರು ಇಳಸಲಿಕ್ಕೆ. ಇಟ್ಟವರು ನಾವು, ಇಳಸೋರೂ ನಾವ ಆಗಬೇಕು. ನಿಮ್ಮ ಮನ್ಯಾಗೂ ಯಾವಾಗಲೂ ಚಾಳೀಸ ಮರಿಯೋರು ಇದ್ರ ನಗಬ್ಯಾಡ್ರಿ. ಪರೀಕ್ಷಾಕ್ಕ ಕರಕೊಂಡು ಹೋಗ್ರಿ. ಜೋಡಿ ಬೇಕಂದ್ರ ನಾ ಬರ್ತೀನಿ.