ರಾಣಿಗೆ ದಕ್ಕದ ಆರಡಿ ಮೂರಡಿ

ಇಂಗ್ಲೆಂಡಿನ ಇತಿಹಾಸವನ್ನು ರಸವತ್ತಾಗಿ ಹೇಳಹೊರಟವರಿಗೆ ಒಂದು ಕಥೆ ಬಲು ಪ್ರಿಯ. 1669ರ ಫೆಬ್ರವರಿ 23ರಂದು, ತನ್ನ 36ನೆಯ ಹುಟ್ಟುಹಬ್ಬದ ದಿನ, ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಹೋಗಿ, ಸತ್ತು ಇನ್ನೂರು ವರ್ಷ ದಾಟಿದ್ದ ರಾಣಿಯೊಬ್ಬಳ ಶವವನ್ನು ಕೈಗಳಲ್ಲಿ ಹಿಡಿದು ಮುತ್ತಿಟ್ಟ. ಮನೆಗೆ ಬಂದು ಅದನ್ನು ಹೆಮ್ಮೆಯಿಂದ ಬರೆದಿಟ್ಟ. ಕೇಳಿದವರು ನಗುತ್ತಾರೆ. ಆ ನಗೆಗೇ ನಮ್ಮ ಆಕ್ಷೇಪಣೆ.

ಆ ರಾಣಿ ಯಾರು? ಫ್ರಾನ್ಸಿನ ದೊರೆ ಆರನೆಯ ಚಾರ್ಲ್ಸನ ಮಗಳು, ವಾಲ್ವಾ ವಂಶದ ಕ್ಯಾಥರೀನ್. 1420ರ ಟ್ರ್ವಾ ಒಪ್ಪಂದದಲ್ಲಿ ಫ್ರಾನ್ಸಿನ ಸಿಂಹಾಸನದ ಉತ್ತರಾಧಿಕಾರದ ಜೊತೆಗೆ ಅವಳನ್ನೂ ಇಂಗ್ಲೆಂಡಿನ ಐದನೆಯ ಹೆನ್ರಿಗೆ ಒಪ್ಪಿಸಿದರು. 1421ರಲ್ಲಿ ಮಗ ಹುಟ್ಟಿದ. 1422ರಲ್ಲಿ ಗಂಡ ಸತ್ತ. ಅವಳಿಗಿನ್ನೂ 21 ತುಂಬಿರಲಿಲ್ಲ. ಅವಳೆಲ್ಲಿ ಮರುಮದುವೆಯಾದಾಳೋ ಎಂದು ಪಾರ್ಲಿಮೆಂಟು ಶಾಸನವನ್ನೇ ಮಾಡಿತು: ಪ್ರಾಪ್ತವಯಸ್ಕನಾದ ದೊರೆಯ ಅನುಮತಿಯಿಲ್ಲದೆ ರಾಜಮಾತೆಯ ಕೈಹಿಡಿದವನ ಆಸ್ತಿ ಮುಟ್ಟುಗೋಲು! ದೊರೆಯೋ, ಆರರ ಆಸುಪಾಸಿನ ಅವಳ ಮಗನೇ. ಆದರೂ ವೇಲ್ಸಿನ ಸಾಮಾನ್ಯ ಗೃಹಸ್ಥ ಓವನ್ ಟ್ಯೂಡರನೊಡನೆ ಅವಳು ಬಾಳುವೆ ಹೂಡಿದಳು, ಮಕ್ಕಳನ್ನು ಹೆತ್ತಳು. 1437ರಲ್ಲಿ, 35ನೆಯ ವಯಸ್ಸಿನಲ್ಲಿ, ಬರ್ಮಂಡ್ಸಿ ಮಠದಲ್ಲಿ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರಿನಲ್ಲಿ ಮಣ್ಣಾಯಿತು.

ಆ ಮಣ್ಣೂ ಅವಳಿಗೆ ಉಳಿಯಲಿಲ್ಲ. ಅವಳ ಮೊಮ್ಮಗನೇ 1485ರಲ್ಲಿ ಏಳನೆಯ ಹೆನ್ರಿಯಾಗಿ ಪಟ್ಟವೇರಿದ. 1503ರಲ್ಲಿ ಶಂಕುಸ್ಥಾಪನೆಯಾದ ಅವನ ಹೊಸ ಪ್ರಾರ್ಥನಾ ಮಂದಿರಕ್ಕಾಗಿ ಅಜ್ಜಿಯ ಗೋರಿ ಕದಲಿತು. ಶವವನ್ನು ಹಲಗೆಯ ಪೆಟ್ಟಿಗೆಯಲ್ಲಿಟ್ಟು ಗಂಡನ ಸಮಾಧಿಯ ಬಳಿ ಬಿಟ್ಟರು. ಮುಚ್ಚಳ ತೆಗೆದರೆ ರಾಣಿ!

“ಅದು ಆ ಕಾಲದ ರೀತಿ, ಸ್ವಾಮಿ” ಎನ್ನುವವರುಂಟು. ಹಾಗಾದರೆ ಅದೇ ಹೊಸ ಮಂದಿರದಲ್ಲಿ ಏಳನೆಯ ಹೆನ್ರಿಗೂ ಅವನ ರಾಣಿಗೂ ಚಿನ್ನದ ಲೇಪದ ಕಂಚಿನ ಪ್ರತಿಮೆಗಳ ಭವ್ಯ ಸಮಾಧಿ ಹೇಗೆ ಎದ್ದಿತು? ಸತ್ತವರ ಮರ್ಯಾದೆ ಆ ಕಾಲಕ್ಕೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಜ್ಜಿಗೆ ಸಲ್ಲಲಿಲ್ಲ. ಅವಳ ಒಡಲಿಂದ ಬಂದ ಟ್ಯೂಡರ್ ವಂಶ 1603ರವರೆಗೆ ಆಳಿತು. ಎಂಟನೆಯ ಹೆನ್ರಿ, ಆರನೆಯ ಎಡ್ವರ್ಡ್, ಮೇರಿ, ಎಲಿಜಬೆತ್—ಒಬ್ಬರಾದರೂ ಆ ಪೆಟ್ಟಿಗೆಯನ್ನು ಮಣ್ಣಿಗೆ ಸೇರಿಸಲಿಲ್ಲ. ಎಲಿಜಬೆತ್ತಳ ಕಾಲದಲ್ಲೇ ಷೇಕ್ಸ್‌ಪಿಯರ್ ತನ್ನ ‘ಐದನೆಯ ಹೆನ್ರಿ’ ನಾಟಕದಲ್ಲಿ ಹರಕುಮುರುಕು ಇಂಗ್ಲಿಷಾಡುವ ಮುದ್ದು ರಾಜಕುಮಾರಿಯಾಗಿ ಕ್ಯಾಥರೀನಳನ್ನು ರಂಗಕ್ಕೆ ತಂದ. ಲಂಡನ್ನು ನಕ್ಕು ನಲಿಯಿತು. ಅದೇ ಊರಿನಲ್ಲಿ ನಿಜವಾದ ಕ್ಯಾಥರೀನ್ ಹಲಗೆಗಳ ನಡುವೆ ಬಿದ್ದಿದ್ದಳು.

ಪೀಪ್ಸನದು ಒಂದು ಗಳಿಗೆಯ ಚೇಷ್ಟೆ. ಅದಕ್ಕೆ ಎಡೆಮಾಡಿಕೊಟ್ಟದ್ದು ಅವಳ ಸ್ವಂತ ಸಂತತಿಯ ನೂರು ವರ್ಷದ ಉಪೇಕ್ಷೆ. ಕೊನೆಗೆ 1878ರಲ್ಲಿ, ಐದನೆಯ ಹೆನ್ರಿಯ ಸಮಾಧಿಯ ಮೇಲಣ ಗುಡಿಯಲ್ಲಿ, ಬಲಿಪೀಠದ ಕೆಳಗೆ ಅವಳಿಗೆ ಸ್ಥಿರವಾದ ಜಾಗ ದೊರೆಯಿತು. ಸತ್ತು 441 ವರ್ಷ ಕಳೆದಿತ್ತು.

ಇನ್ನಾದರೂ ಈ ಕಥೆ ಹೇಳುವವರು ಪೀಪ್ಸನಿಂದ ಆರಂಭಿಸದಿರಲಿ. ವಿನೋದಕ್ಕಾಗಿ ಅದನ್ನು ಹೇಳಿದಾಗಲೆಲ್ಲ ಆ ಮುಚ್ಚಳವನ್ನು ನಾವೇ ಮತ್ತೆ ತೆಗೆದಂತಾಗುತ್ತದೆ.